ಕೊಲೆಗಾರನ ಹಸಿವು, ಕುಡಿತದ ರೂಪಕ: ಪರ-ವಿರೋಧ

ಪ್ರಶ್ನೆ: ಸರಣಿ ಹಂತಕನ ಕಥೆ ಹೇಳುವ ಚಲನಚಿತ್ರವು ಕೊಲೆಯನ್ನು ಕುಡಿತದಂಥ ವ್ಯಸನವಾಗಿ ಚಿತ್ರಿಸುವುದು ಒಪ್ಪತಕ್ಕದ್ದೇ?

ಹಾಸನದಲ್ಲಿ ಆಗಾಗ ಯಾರಾದರೊಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡುವ ನಮ್ಮ ಸಣ್ಣ ಕೂಟದಲ್ಲಿ 2007ರ ಅಮೆರಿಕನ್ ಚಿತ್ರ ‘ಮಿಸ್ಟರ್ ಬ್ರೂಕ್ಸ್’ ನೋಡಿದ ಮೇಲೆ ಈ ಪ್ರಶ್ನೆ ಎದ್ದಿತು. ಕುಡಿತ ಬಿಟ್ಟವರ ಬಳಗವೊಂದಕ್ಕೆ ಇದನ್ನು ತೋರಿಸಿ ಚರ್ಚೆ ಏರ್ಪಡಿಸೋಣ ಎಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾಗಿರುವ ಮೇಷ್ಟ್ರು ಸೂಚಿಸಿದರು. ಮದ್ಯವರ್ಜನ ಶಿಬಿರಗಳಲ್ಲಿ ಕುಟುಂಬದವರೊಂದಿಗೆ ಆಪ್ತಸಮಾಲೋಚನೆ ನಡೆಸುವ ಸದಸ್ಯೆಯೊಬ್ಬರು ಒಪ್ಪಲಿಲ್ಲ. ಇಬ್ಬರೂ ಬರೆದುಕೊಟ್ಟದ್ದು ಇಲ್ಲಿದೆ. ಮೇಷ್ಟ್ರ ಬರಹವನ್ನು ಓದಿದ ನಂತರ ಎರಡನೆಯದು ಬರೆದದ್ದು.

ಪರ

ಪೋರ್ಟ್‌ಲೆಂಡ್ ನಗರದ ವಾಣಿಜ್ಯ ಮಂಡಳಿಯು ‘ವರ್ಷದ ವ್ಯಕ್ತಿ’ ಎಂದು ಸನ್ಮಾನಿಸಿದ ರಾತ್ರಿಯೇ ಅರ್ಲ್ ಬ್ರೂಕ್ಸ್ ಮತ್ತೆ ಕೊಲೆಗೆ ಹೊರಡುತ್ತಾನೆ. ಅವನು ಪೆಟ್ಟಿಗೆ ತಯಾರಿಸುವ ಕಂಪನಿಯ ಒಡೆಯ, ಸಂಸಾರಸ್ಥ, ಬಿಡುವಿನಲ್ಲಿ ಮಣ್ಣಿನ ಪಾತ್ರೆಗಳನ್ನು ಮಾಡುವ ಹವ್ಯಾಸಿ, ಎರಡು ವರ್ಷಗಳಿಂದ ವ್ಯಸನಿಗಳ ಸಭೆಗಳಿಗೆ ಹೋಗುತ್ತ ತನ್ನನ್ನು ಹಿಡಿದಿಟ್ಟುಕೊಂಡಿದ್ದವನು. ಅವನ ಮೆದುಳಿಗೆ ಹಸಿವು ಮರಳಿದೆ, ನಿಜಕ್ಕೂ ಅದು ಎಂದೂ ಬಿಟ್ಟುಹೋಗಿರಲಿಲ್ಲ ಎಂಬ ಅರ್ಥದ ಬರಹದಿಂದಲೇ ಚಿತ್ರ ಆರಂಭವಾಗುತ್ತದೆ. ನಿರ್ದೇಶಕ ಬ್ರೂಸ್ ಎ. ಇವಾನ್ಸ್ ಕೊಲೆಗಾರನ ಬಾಲ್ಯವನ್ನಾಗಲಿ, ಅವನಿಗಾದ ಅನ್ಯಾಯವನ್ನಾಗಲಿ ಕೆದಕಲು ಹೋಗುವುದಿಲ್ಲ. ಮನುಷ್ಯನೊಬ್ಬನು ತಾನು ಮಾಡಬಾರದೆಂದು ಬಲ್ಲದ್ದನ್ನೇ ಮತ್ತೆ ಮತ್ತೆ ಮಾಡುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಅವರು ಹಿಡಿದಿದ್ದಾರೆ, ಮತ್ತು ಆ ಪ್ರಶ್ನೆಗೆ ಕುಡಿತಕ್ಕಿಂತ ಹತ್ತಿರದ ಉದಾಹರಣೆ ನಮ್ಮ ನಡುವೆ ಇಲ್ಲ.

ಈ ರೂಪಕ ಎಷ್ಟು ಬಿಗಿಯಾಗಿದೆಯೆಂಬುದನ್ನು ಮಾರ್ಷಲ್ ಎಂಬ ಪಾತ್ರದಲ್ಲಿ ಕಾಣಬಹುದು. ಕೆವಿನ್ ಕಾಸ್ಟ್ನರ್ ನಟಿಸಿರುವ ಬ್ರೂಕ್ಸ್‌ಗೆ ಮಾತ್ರ ಕಾಣಿಸುವ, ಅವನಿಗೆ ಮಾತ್ರ ಕೇಳಿಸುವ ಈ ಜೊತೆಗಾರನ ಪಾತ್ರದಲ್ಲಿ ವಿಲಿಯಂ ಹರ್ಟ್ ಇದ್ದಾರೆ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಅವನು ಗದರಿಸುವುದಿಲ್ಲ, ಹೆದರಿಸುವುದಿಲ್ಲ. ಇಷ್ಟು ದಿನ ಒಳ್ಳೆಯವನಾಗಿದ್ದೀಯಲ್ಲ, ಒಂದು ಸಲ ಆದರೇನು ಎಂಬ ಧಾಟಿಯಲ್ಲಿ ಸ್ನೇಹದಿಂದ ಒತ್ತಾಯಿಸುತ್ತಾನೆ. ಇಬ್ಬರೂ ಒಂದೇ ಹಾಸ್ಯಕ್ಕೆ ನಗುತ್ತಾರೆ. ಸಕಲೇಶಪುರದ ಕಡೆಯ ತೋಟಗಳಲ್ಲಿ ಬಟವಾಡೆಯ ಸಂಜೆ ಕೂಲಿಯ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು, ಬಾರ್ ಇರುವ ರಸ್ತೆಯನ್ನು ಬಿಟ್ಟು ಸುತ್ತುದಾರಿಯಲ್ಲಿ ಲೈನ್ ಮನೆಗೆ ನಡೆಯುವವರನ್ನು ನಾನು ಬಲ್ಲೆ. ಅವರು ತಪ್ಪಿಸಿಕೊಳ್ಳುತ್ತಿರುವುದು ಅಂಗಡಿಯಿಂದಲ್ಲ, ಇಂಥ ಸ್ನೇಹಿತನಿಂದ. ಹಂಬಲವನ್ನು ದೆವ್ವವನ್ನಾಗಿ ಮಾಡಿ ತೋರಿಸಿದ ಎಷ್ಟೋ ಸಿನಿಮಾಗಳಿಗಿಂತ ಅದನ್ನು ಆಪ್ತನನ್ನಾಗಿ ತೋರಿಸಿದ ಈ ಸಿನಿಮಾ ಅನುಭವಕ್ಕೆ ಹೆಚ್ಚು ನಿಷ್ಠವಾಗಿದೆ.

ಇನ್ನೊಂದು ದೃಶ್ಯವನ್ನು ಗಮನಿಸಬೇಕು. ಸಭೆಯಲ್ಲಿ ಎದ್ದುನಿಂತು ಬ್ರೂಕ್ಸ್ ತನ್ನ ಹೆಸರು ಹೇಳಿ, ತಾನೊಬ್ಬ ವ್ಯಸನಿ ಎನ್ನುತ್ತಾನೆ; ಯಾವುದರ ವ್ಯಸನಿಯೆಂದು ಹೇಳುವುದಿಲ್ಲ. ಸುತ್ತಲಿನವರು ಸಹಾನುಭೂತಿಯಿಂದ ಕೇಳಿಸಿಕೊಳ್ಳುತ್ತಾರೆ. ಒಪ್ಪಿಕೊಂಡಂತೆಯೂ ಆಗಬೇಕು, ಒಪ್ಪಿಕೊಳ್ಳಲೂಬಾರದು ಎಂಬ ಅರ್ಧ ನಿವೇದನೆಯ ಸುಖವನ್ನು ಇದಕ್ಕಿಂತ ನಿರ್ದಯವಾಗಿ ತೋರಿಸಿದ ದೃಶ್ಯ ನನ್ನ ನೆನಪಿನಲ್ಲಿಲ್ಲ. ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿಯನ್ನೂ, ಬದಲಿಸಬಲ್ಲದ್ದನ್ನು ಬದಲಿಸುವ ಧೈರ್ಯವನ್ನೂ, ಎರಡರ ಅಂತರವನ್ನು ತಿಳಿಯುವ ವಿವೇಕವನ್ನೂ ಬೇಡುವ ಪ್ರಸಿದ್ಧ ಪ್ರಾರ್ಥನೆಯನ್ನು ಅವನು ಚಿತ್ರದುದ್ದಕ್ಕೂ ಜಪಿಸುತ್ತಾನೆ, ಮತ್ತು ಅದೇ ನಾಲಗೆಯಲ್ಲಿ ಮಾರ್ಷಲ್‌ನೊಂದಿಗೆ ಹೊಂಚು ಹಾಕುತ್ತಾನೆ. ಚಿತ್ರವು ಪ್ರಾರ್ಥನೆಯನ್ನು ಗೇಲಿ ಮಾಡುತ್ತದೆಂದು ಕೂಟದಲ್ಲಿ ಕೆಲವರು ಆಕ್ಷೇಪಿಸಿದರು. ಪ್ರಾರ್ಥನೆಯನ್ನೇ ಮುಸುಕಾಗಿ ಹೊದ್ದವನನ್ನು ಅದು ಬಯಲು ಮಾಡುತ್ತದೆಂದು ನಾನು ತಿಳಿಯುತ್ತೇನೆ.

ಇಂಥ ಚಿತ್ರಣ ಪಶ್ಚಿಮದ ಮನಶ್ಶಾಸ್ತ್ರದಿಂದ ಹುಟ್ಟಿದ್ದೇನೂ ಅಲ್ಲ. ನಮ್ಮ ಹಾಸನ ಜಿಲ್ಲೆಯ ಹಳೇಬೀಡೇ ರಾಜಧಾನಿಯಾಗಿದ್ದ ಹೊಯ್ಸಳರ ಕಾಲದಲ್ಲಿ, ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ. ಪಟ್ಟದರಸಿ ಅಮೃತಮತಿ ಇರುಳಿನಲ್ಲಿ ತೇಲಿಬಂದ ಮಾವುತನ ಹಾಡನ್ನು ಕೇಳಿ, ಅವನ ಮುಖ ನೋಡುವ ಮೊದಲೇ ಸೋಲುತ್ತಾಳೆ. ಅವನ ಕುರೂಪ ತಿಳಿದ ಮೇಲೂ ಸೋಲು ಕಡಿಮೆಯಾಗುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೂ ಅವನನ್ನೇ ಬೇಡಿಕೊಳ್ಳುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಲ್ಲುತ್ತಾಳೆ. ಮನ್ಮಥನ ಮಾಯೆಗೆ ವಿಧಿಯ ನೆರವೂ ಸಿಕ್ಕಿದರೆ ಅದು ಮನುಷ್ಯರನ್ನು ಕೊಂದು ಕೂಗದೆ ಬಿಟ್ಟೀತೇ ಎಂದು ಕವಿ ಕೇಳುತ್ತಾನೆ. ಸೆಳೆತವನ್ನು ಹೊರಗಿನ ಶಕ್ತಿಯೊಂದರ ರೂಪದಲ್ಲಿ ಕಾಣಿಸಿದ್ದರಿಂದ ಅಮೃತಮತಿಯ ಅಪರಾಧ ಹಗುರವಾಯಿತೆಂದು ಎಂಟುನೂರು ವರ್ಷಗಳಲ್ಲಿ ಯಾವ ಓದುಗನೂ ತಿಳಿದಂತಿಲ್ಲ.

ಕಾನೂನೂ ಈ ಅಂತರವನ್ನು ಕಾಪಾಡಿಕೊಂಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಂ (ಹಳೆಯ ದಂಡ ಸಂಹಿತೆಯಲ್ಲಿ 84) ವಿನಾಯಿತಿ ಕೊಡುವುದು ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ತಾನು ಮಾಡುತ್ತಿರುವುದು ಏನೆಂಬುದನ್ನೋ, ಅದು ತಪ್ಪೆಂಬುದನ್ನೋ ತಿಳಿಯಲಾಗದವನಿಗೆ ಮಾತ್ರ. ತಡೆಯಲಾಗದ ಸೆಳೆತವಿತ್ತು ಎಂಬ ಸಬೂಬು ಒಂದೇ ಅಲ್ಲಿ ನಡೆಯುವುದಿಲ್ಲ. ಬ್ರೂಕ್ಸ್ ನಮ್ಮ ನ್ಯಾಯಾಲಯಕ್ಕೆ ಬಂದರೂ ಉಳಿಯಲಾರ. ಹೀಗಿರುವಾಗ ವಿವರಣೆಯು ಕ್ಷಮೆಯಾಗಿಬಿಡುತ್ತದೆ ಎಂಬ ಭಯದಿಂದ ಕಲೆಯು ವಿವರಿಸುವುದನ್ನೇ ಬಿಡಬೇಕಾಗಿಲ್ಲ. ಫ್ರಿಟ್ಸ್ ಲಾಂಗ್ 1931ರಲ್ಲಿಯೇ ‘ಎಂ’ ಚಿತ್ರದ ಮಕ್ಕಳ ಹಂತಕನಿಂದ, ಕಳ್ಳರು ಕೂಡಿಸಿದ ಪಂಚಾಯಿತಿಯ ಮುಂದೆ, ನೀವು ಬಯಸಿ ಅಪರಾಧಿಗಳಾದವರು, ನನಗೆ ಬೇರೆ ದಾರಿಯೇ ಇಲ್ಲ ಎಂದು ಕಿರುಚಿಸಿದ್ದರು. ಆ ಕಿರುಚಾಟವನ್ನು ಕೇಳಿ ಯಾರೂ ಹಂತಕನ ಪಕ್ಷ ವಹಿಸಲಿಲ್ಲ. ಆದರೆ ಮನುಷ್ಯನ ಒಳಗೆ ಏನೇನು ಇರಬಹುದೆಂಬ ಅರಿವು ಹೆಚ್ಚಿತು. ಕುಡಿತ ಬಿಟ್ಟವರಿಗೆ ಈ ಅರಿವು ನಮಗಿಂತ ಹೆಚ್ಚಾಗಿಯೇ ಇದೆ. ಅವರಿಂದ ಈ ಚಿತ್ರವನ್ನು ಮುಚ್ಚಿಡಲು ಕಾರಣ ನನಗೆ ಕಾಣುವುದಿಲ್ಲ.

ವಿರೋಧ

ಮೇಷ್ಟ್ರ ಬರಹದಲ್ಲಿ ಮಾರ್ಷಲ್ ಇದ್ದಾನೆ, ಮಾವುತನಿದ್ದಾನೆ, ಕಲಂ 22 ಇದೆ. ಬ್ರೂಕ್ಸ್ ಆ ರಾತ್ರಿ ಕೊಂದವರು ಯಾರೆಂಬುದಿಲ್ಲ. ಇದು ಅವರ ಮರೆವೆಂದು ನಾನು ಹೇಳುವುದಿಲ್ಲ, ಏಕೆಂದರೆ ರೂಪಕದ ಕಟ್ಟಡವೇ ಹಾಗಿದೆ. ಕೊಲ್ಲುವುದನ್ನು ಕುಡಿಯುವುದಕ್ಕೂ, ಮಾರ್ಷಲ್‌ನನ್ನು ಹಂಬಲಕ್ಕೂ, ಕೊಲ್ಲದೆ ಕಳೆದ ಎರಡು ವರ್ಷಗಳನ್ನು ಕುಡಿಯದೆ ಕಳೆದ ಎರಡು ವರ್ಷಗಳಿಗೂ ಹೊಂದಿಸಿಕೊಂಡು ಹೋದರೆ, ಬಾಟಲಿಯ ಜಾಗದಲ್ಲಿ ಉಳಿಯುವುದು ನೃತ್ಯ ಕಲಿಯಲು ಹೋಗುತ್ತಿದ್ದ ಒಂದು ಜೋಡಿ. ಅವರ ಬದುಕಿಗೆ ಚಿತ್ರ ಕೆಲವು ನಿಮಿಷಗಳನ್ನೂ ಕೊಡುವುದಿಲ್ಲ. ಕುಡುಕನ ಕಥೆಯಲ್ಲಿ ಬಾಟಲಿಗೆ ಹೆಸರು ಬೇಕಾಗಿಲ್ಲ. ಹಾಗಾಗಿ ಈ ಕಥೆಯಲ್ಲಿ ಸತ್ತವರಿಗೂ ಬೇಕಾಗಲಿಲ್ಲ. ನನ್ನ ಮುಖ್ಯ ಆಕ್ಷೇಪ ಇದೇ.

ಎರಡನೆಯ ಆಕ್ಷೇಪ ವಾಸ್ತವಕ್ಕೆ ಸಂಬಂಧಿಸಿದ್ದು. ಶಿಬಿರದ ಮೊದಲ ದಿನಗಳಲ್ಲಿ ಕಾಫಿ ಕೊಟ್ಟರೆ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯನ್ನೇ ಲೋಟದ ಹತ್ತಿರ ತಂದು ಕುಡಿಯುವವರಿರುತ್ತಾರೆ, ಎತ್ತಿದರೆ ಚೆಲ್ಲುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಕೈ ನಡುಕ, ಬೆವರು, ವಾಂತಿ, ಕೆಲವರಿಗೆ ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರುತ್ತವೆ, ಮತ್ತು ವೈದ್ಯರು ಹತ್ತಿರವಿಲ್ಲದಿದ್ದರೆ ಪ್ರಾಣವೂ ಹೋಗಬಹುದು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿರುವುದು ಸುಮ್ಮನೆ ಅಲ್ಲ. ಕೊಲ್ಲುವುದನ್ನು ನಿಲ್ಲಿಸಿದವನ ಲೋಟ ನಡುಗುವುದಿಲ್ಲ. ಕುಡಿಯುವವರೂ ಉಪಾಯ ಹೂಡುತ್ತಾರೆಂಬುದು ನಿಜ. ಸೌದೆ ರಾಶಿಯೊಳಗೆ ಕ್ವಾರ್ಟರ್ ಬಚ್ಚಿಡುವುದು ನನಗೂ ಗೊತ್ತಿದೆ, ಅವರ ಹೆಂಡತಿಯರಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಬ್ರೂಕ್ಸ್‌ನ ಹೆಂಡತಿಗೆ ಮಾತ್ರ ಕೊನೆಯವರೆಗೂ ಏನೂ ಗೊತ್ತಾಗುವುದಿಲ್ಲ. ಕೊಂದ ರಾತ್ರಿ ಮನೆಗೆ ಬಂದು, ತಾನು ತೊಟ್ಟಿದ್ದ ಬಟ್ಟೆಯನ್ನು ಮಡಕೆ ಸುಡುವ ಕುಲುಮೆಯಲ್ಲೇ ಸುಟ್ಟುಹಾಕುವಷ್ಟು ಹತೋಟಿ ಅವನಿಗಿದೆ. ಹತೋಟಿ ತಪ್ಪುವುದೇ ವ್ಯಸನದ ಮೊದಲ ಲಕ್ಷಣವಾಗಿರುವಾಗ, ಇವನನ್ನು ವ್ಯಸನಿಯೆಂದು ನಂಬುವುದು ಹೇಗೆ?

ಅಮೆರಿಕದ ಎಫ್‌ಬಿಐ ಸಂಸ್ಥೆ 2005ರಲ್ಲಿ ತಜ್ಞರನ್ನು ಕರೆದು ಸರಣಿ ಕೊಲೆಗಳ ಬಗ್ಗೆ ವಿಚಾರ ಸಂಕಿರಣ ನಡೆಸಿತು. ಅದರ ವರದಿಯು ಜನರಲ್ಲಿರುವ ತಪ್ಪು ಕಲ್ಪನೆಗಳನ್ನು ಪಟ್ಟಿಮಾಡುವಾಗ, ಸರಣಿ ಹಂತಕರು ಕೊಲ್ಲುವುದನ್ನು ನಿಲ್ಲಿಸಲಾರರು ಎಂಬ ನಂಬಿಕೆಯನ್ನೂ ಅದರಲ್ಲಿ ಸೇರಿಸಿತು. ಕಾನ್ಸಾಸ್ ರಾಜ್ಯದಲ್ಲಿ 1974ರಿಂದ 1991ರವರೆಗೆ ಹತ್ತು ಜನರನ್ನು ಕೊಂದ ಡೆನಿಸ್ ರೇಡರ್ ನಂತರ 2005ರಲ್ಲಿ ಸಿಕ್ಕಿಬೀಳುವವರೆಗೆ ಯಾರನ್ನೂ ಕೊಲ್ಲಲಿಲ್ಲ. ಆ ವರ್ಷಗಳಲ್ಲಿ ಅವನು ತನ್ನ ಚರ್ಚಿನ ಮಂಡಳಿಯಲ್ಲಿ ಗೌರವದ ಸ್ಥಾನದಲ್ಲಿದ್ದ. ಯಾವ ಸಭೆಯೂ ಅವನನ್ನು ಬಿಡಿಸಲಿಲ್ಲ. ಬೇಕೆನಿಸಿದಾಗ ಕೊಂದ, ಬೇಡವೆನಿಸಿದಾಗ ಬಿಟ್ಟ. ಕೊಲೆಯಲ್ಲಿ ತನಗೆ ಸಂತೋಷವಿಲ್ಲ, ಚಟವಿರುವುದರಿಂದ ಕೊಲ್ಲುತ್ತೇನೆ ಎನ್ನುವ ಬ್ರೂಕ್ಸ್‌ನ ಮಾತನ್ನು ಚಿತ್ರವು ಪ್ರಶ್ನಿಸದೆ ಬಿಡುತ್ತದೆ. ನಾನಾದರೆ ಅವನನ್ನು ನಂಬುವುದಿಲ್ಲ.

ಅರ್ಧ ನಿವೇದನೆಯ ಬಗ್ಗೆ ಮೇಷ್ಟ್ರು ಬರೆದದ್ದು ಚೆನ್ನಾಗಿದೆ, ಅದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಬೇಕು. 1935ರಲ್ಲಿ ಒಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಚಳವಳಿಯು 1939ರಲ್ಲಿ ತನ್ನ ಹನ್ನೆರಡು ಹೆಜ್ಜೆಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿತು. ಮದ್ಯದ ಮುಂದೆ ನಾವು ಅಶಕ್ತರು ಎಂದು ಒಪ್ಪುವುದು ಮೊದಲ ಹೆಜ್ಜೆ ಮಾತ್ರ. ಮಾಡಿದ ತಪ್ಪಿನ ಸ್ವರೂಪವನ್ನು ಇನ್ನೊಬ್ಬ ಮನುಷ್ಯನ ಮುಂದೆ ಇದ್ದದ್ದು ಇದ್ದ ಹಾಗೆ ಹೇಳುವುದು ಐದನೆಯದು. ನೋಯಿಸಿದವರ ಪಟ್ಟಿ ಮಾಡುವುದು ಎಂಟನೆಯದು. ಸಾಧ್ಯವಿರುವಲ್ಲೆಲ್ಲ ಅವರಿಗೆ ನೇರವಾಗಿ ಸರಿಪಡಿಸಿಕೊಡುವುದು ಒಂಬತ್ತನೆಯದು. ನಮ್ಮ ಕಡೆಯ ಶಿಬಿರಗಳಲ್ಲಿ ಹೆಂಡತಿ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ನಡೆಸುವ ದಿನದಲ್ಲಿಯೂ ಆಗುವುದು ಇದೇ, ಹೆಸರು ಬೇರೆ ಇರಬಹುದು. ಆ ದಿನ ಗಂಡಸರು ತಲೆ ಎತ್ತುವುದಿಲ್ಲ, ಹೆಂಗಸರು ಮಾತಾಡುತ್ತಾರೆ: ಅಡವಿಟ್ಟ ಓಲೆ, ಒದೆ ತಿಂದ ರಾತ್ರಿ, ಶಾಲೆಯ ಫೀಸು. ಬ್ರೂಕ್ಸ್ ಮೊದಲ ಹೆಜ್ಜೆಯಲ್ಲೇ ಮನೆ ಕಟ್ಟಿಕೊಂಡಿದ್ದಾನೆ, ಒಂಬತ್ತನೆಯದಕ್ಕೆ ಅವನು ಯಾರ ಬಾಗಿಲಿಗೆ ಹೋಗಬೇಕು? ಅಶಕ್ತ ಎಂಬ ಮಾತನ್ನು ಮಾತ್ರ ಸಾಲ ಪಡೆದು, ಅದರ ಬೆನ್ನಿಗಿದ್ದ ಹೊಣೆಯನ್ನೆಲ್ಲ ಈ ರೂಪಕ ಬಿಟ್ಟುಬಂದಿದೆ.

ರೂಪಕ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲವೆಂಬುದನ್ನು ಸಾಹಿತ್ಯದ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ. ಕೊಲೆಗಾರನು ಕುಡುಕನಂತೆ ಎಂದರೆ ಕುಡುಕನು ಕೊಲೆಗಾರನಂತೆ ಎಂದೂ ಆಯಿತು. ಚಿತ್ರದಲ್ಲಿ ಬ್ರೂಕ್ಸ್‌ನ ಮಗಳು ಜೇನ್ ಕಾಲೇಜು ಬಿಟ್ಟು ಮನೆಗೆ ಬರುತ್ತಾಳೆ. ಕಾಲೇಜಿನಲ್ಲಿ ನಡೆದ ಕೊಲೆಯನ್ನು ಅವಳೇ ಮಾಡಿದ್ದಾಳೆಂದು, ತನ್ನದೇ ಗುಣ ಅವಳಿಗೆ ಇಳಿದಿದೆಯೆಂದು ತಂದೆ ತೀರ್ಮಾನಿಸುತ್ತಾನೆ. ಕೊನೆಗೆ ಮಗಳು ಕತ್ತರಿಯಿಂದ ತಂದೆಯ ಕುತ್ತಿಗೆಗೆ ಇರಿದಂತೆ ಅವನಿಗೆ ಕನಸು ಬೀಳುತ್ತದೆ. ತಾಯಂದಿರು ನನ್ನನ್ನು ಪಕ್ಕಕ್ಕೆ ಕರೆದು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ, “ಅಪ್ಪನ ಬುದ್ಧಿ ಮಗನಿಗೂ ಬರುತ್ತಾ ಮೇಡಂ?” ಎಂಬುದು. ಕುಡಿತದ ಕಾಯಿಲೆಯಲ್ಲಿ ಅನುವಂಶಿಕತೆಯ ಪಾಲು ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕುಡುಕರ ಮಕ್ಕಳಲ್ಲಿ ಬಹಳ ಮಂದಿ ಕುಡುಕರಾಗುವುದಿಲ್ಲವೆಂಬುದನ್ನೂ ಜೊತೆಗೇ ಹೇಳುತ್ತೇನೆ. ಚಿತ್ರವು ಎರಡನೆಯ ಮಾತಿಗೆ ಎಡೆಗೊಡುವುದಿಲ್ಲ. ರಕ್ತದಲ್ಲಿಯೇ ಇದೆ ಎಂದುಬಿಡುವುದು ಕಥೆಗೆ ರೋಚಕ; ಆ ತಾಯಿಯ ಮಗ ಹಿಂದಿನ ಸಾಲಿನಲ್ಲಿ ಕುಳಿತು ಅದನ್ನು ನೋಡಬೇಕಾಗುತ್ತದೆ.

ಜನ್ನನನ್ನು ಮೇಷ್ಟ್ರು ಅರ್ಧಕ್ಕೆ ನಿಲ್ಲಿಸಿದ್ದಾರೆ. ಅದೇ ಕಾವ್ಯದಲ್ಲಿ ಅಮೃತಮತಿಯ ಗಂಡ ಯಶೋಧರನು ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಮಾರಿಗೆ ಬಲಿ ಕೊಡುತ್ತಾನೆ, ಕಡಿದಾಗ ಅದು ಕೂಗುತ್ತದೆ, ಮತ್ತು ಆ ಸಂಕಲ್ಪ ಹಿಂಸೆಯೊಂದಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮ ಜನ್ಮ ನರಳುತ್ತಾರೆ. ಮನ್ಮಥನ ಮಾಯೆಯನ್ನು ಒಪ್ಪಿದ ಕವಿಯೇ ಹಿಟ್ಟಿನ ಕೋಳಿಯ ಲೆಕ್ಕವನ್ನೂ ಬಿಡಲಿಲ್ಲ. ‘ಎಂ’ ಚಿತ್ರದಲ್ಲಿಯೂ ಹಾಗೆಯೇ, ಹಂತಕನ ಕಿರುಚಾಟವೇ ಕೊನೆಯ ಮಾತಲ್ಲ. ಚಿತ್ರ ಮುಗಿಯುವುದು ಮಕ್ಕಳನ್ನು ಕಳೆದುಕೊಂಡ ತಾಯಂದಿರು ಕುಳಿತಿರುವಲ್ಲಿ, ಏನು ಶಿಕ್ಷೆ ಕೊಟ್ಟರೂ ನಮ್ಮ ಮಕ್ಕಳು ಬರುವುದಿಲ್ಲ ಎಂಬ ಅವರ ಮಾತಿನಲ್ಲಿ.

ಇಷ್ಟಾದರೂ ಒಂದು ಪಾತ್ರದ ಮಟ್ಟಿಗೆ ನಾನು ಮೇಷ್ಟ್ರ ಜೊತೆಗಿದ್ದೇನೆ. ಎದುರುಮನೆಯ ಕಿಟಕಿಯಿಂದ ಕೊಲೆಯ ಫೋಟೊ ತೆಗೆದ ಸ್ಮಿತ್ ಎಂಬವನು ಪೊಲೀಸರ ಬಳಿಗೆ ಹೋಗುವ ಬದಲು, ಮುಂದಿನ ಸಲ ತನ್ನನ್ನೂ ಕರೆದುಕೊಂಡು ಹೋಗು ಎಂದು ಬ್ರೂಕ್ಸ್‌ನನ್ನು ಪೀಡಿಸುತ್ತಾನೆ. ನೋಡುವ ಚಟ ಮಾಡುವ ಚಟದತ್ತ ಜಾರುವುದನ್ನು ಚಿತ್ರ ಇಲ್ಲಿ ಹಿಡಿದಷ್ಟು ಸರಿಯಾಗಿ ಮಾರ್ಷಲ್‌ನಲ್ಲೂ ಹಿಡಿದಿಲ್ಲ, ಮತ್ತು ಆ ಕುರ್ಚಿಯಲ್ಲಿ ಕುಳಿತಿರುವವರು ಕುಡುಕರಲ್ಲ, ಇಂಥ ಸಿನಿಮಾಗಳನ್ನು ಹುಡುಕಿ ನೋಡುವ ನಮ್ಮಂಥವರು. ಆದ್ದರಿಂದ ಚರ್ಚೆ ನಮ್ಮ ಕೂಟದಲ್ಲಿಯೇ ನಡೆಯಲಿ, ನಾನೂ ಬರುತ್ತೇನೆ. ಕುಡಿತ ಬಿಟ್ಟು ಇನ್ನೂ ವರ್ಷ ತುಂಬದವರು ಇರುವ ಬಳಗಕ್ಕೆ ಇದನ್ನು ತೋರಿಸಲು ನನ್ನ ಒಪ್ಪಿಗೆ ಇಲ್ಲ.