ತಾತನೇ ನಮ್ಮ ಯುವ ರೈತ

ನಮ್ಮ ರಾಜ್ಯದಲ್ಲಿ ದಣಿವಿಲ್ಲದೆ ಬೇಸಾಯ ಮಾಡುತ್ತಿರುವವರು ಯಾರು ಗೊತ್ತಾ? ತೀರಿಹೋದ ತಾತಂದಿರು. ಮಣ್ಣಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಜಮೀನಿನ ದಾಖಲೆ ಪಹಣಿಯಲ್ಲಿ ಒಡೆಯನ ಹೆಸರಿರುವ ಒಂಬತ್ತನೇ ಕಾಲಂ ಬಿಟ್ಟು ಕದಲಿಲ್ಲ. ಮೊಮ್ಮಗ ಟಿಲ್ಲರ್ ಹೊಡೆದು, ಔಷಧಿ ಕ್ಯಾನ್ ಹೊತ್ತು ಬೆನ್ನು ಹಿಡಿಸಿಕೊಳ್ಳುತ್ತಾನೆ. ಆದರೆ ಕಾಗದದ ಮೇಲೆ ಅವನು ಸುಮ್ನೆ ಹೊಲದಲ್ಲಿ ಓಡಾಡಿಕೊಂಡಿರುವ ಹುಡುಗ.

ಇಂಥ ಹುಡುಗನೊಬ್ಬ ನವೆಂಬರ್‌ನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋಗುತ್ತಾನೆ ಅಂದುಕೊಳ್ಳಿ. ವೇದಿಕೆಯಲ್ಲಿ ಶಾಲು ಹೊದ್ದವರೆಲ್ಲ ‘ಯುವಕರೇ, ಕೃಷಿಗೆ ಬನ್ನಿ’ ಎನ್ನುತ್ತಾರೆ. ಬಂದು ನಿಂತಿರುವವನಿಗೆ ಇನ್ನೆಲ್ಲಿಗೆ ಬರಬೇಕೋ ಗೊತ್ತಾಗುವುದಿಲ್ಲ. ಮುದ್ದೆ ಊಟ ಮಾಡಿ, ರಾಷ್ಟ್ರೀಯ ಜಾನುವಾರು ಮಿಷನ್‌ನ ಕರಪತ್ರ ಮಡಚಿ ಜೇಬಿಗಿಟ್ಟುಕೊಂಡು ಬಸ್ ಹತ್ತುತ್ತಾನೆ.

ಕರಪತ್ರ ಚೆನ್ನಾಗಿಯೇ ಇದೆ. ಕುರಿ, ಮೇಕೆ ಸಾಕುವವರಿಗೆ ಅರ್ಧ ಖರ್ಚು ಸರ್ಕಾರದ್ದು. 500 ಹೆಣ್ಣು ಕುರಿ, 25 ಟಗರು ಇಟ್ಟರೆ 50 ಲಕ್ಷ ರೂಪಾಯಿವರೆಗೆ ಸಬ್ಸಿಡಿ. ಅಷ್ಟು ಬೇಡ, ಸಣ್ಣದಾಗಿ ಶುರು ಮಾಡ್ತೀನಿ ಅಂದರೆ ಅದಕ್ಕೂ ದಾರಿ ಇದೆ: 100 ಕುರಿ, 5 ಟಗರು. ಹುಡುಗನ ಕೊಟ್ಟಿಗೆಯಲ್ಲಿರುವುದು ಹನ್ನೊಂದು. ಹನ್ನೊಂದು ಕುರಿ ಇರುವವನು ಉದ್ಯಮಿ ಅಲ್ಲ. ಅವನಿಗೆ ಇರುವುದು ಬರೀ ಕುರಿ.

ಇರಲಿ, ಧೈರ್ಯ ಮಾಡಿ ಕುರಿ ಸಾಲ ಕೇಳಲು ಬ್ಯಾಂಕಿಗೆ ಹೋಗುತ್ತಾನೆ. ಮೇಜಿನ ಆಚೆ ಕೃಷಿ ಅಧಿಕಾರಿ. ಅವರೂ ರೈತರ ಮಗನೇ. ಬಿಎಸ್ಸಿ ಅಗ್ರಿಯಲ್ಲಿ ರೈತರ ಮಕ್ಕಳಿಗೆ ಸೀಟು ಮೀಸಲು, ಈಗ ಅರ್ಧದಷ್ಟು. ಸೇರುವ ಮೊದಲು ಬೇಸಾಯ ಗೊತ್ತಿದೆಯೇ ಎಂದು ಪ್ರಾಯೋಗಿಕ ಪರೀಕ್ಷೆ ಬೇರೆ. ಕಾಳು ಗುರುತಿಸಿ, ಕೂರಿಗೆ ತೋರಿಸಿ, ನಾಲ್ಕು ವರ್ಷ ಓದಿ, ಕೊನೆಗೆ ಬ್ಯಾಂಕ್ ಪರೀಕ್ಷೆ ಬರೆದು ಹೊಲದಿಂದ ಪಾರಾದವರು. ಅವರನ್ನು ಬೈಯುವ ಹಾಗಿಲ್ಲ. ನಾವು ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ?

“ಪಹಣಿ ಯಾರ ಹೆಸರಲ್ಲಿದೆಯಪ್ಪಾ?”

“ತಾತನ ಹೆಸರಲ್ಲಿ ಸಾರ್.”

“ಅವರನ್ನೇ ಕರ್ಕೊಂಡು ಬಾ, ಸೈನ್ ಬೇಕು.”

“ಅವರು ಇಲ್ಲ ಸಾರ್.”

“ಊರಲ್ಲಿಲ್ವಾ?”

ಇಲ್ಲಿಂದ ಹುಡುಗನ ನಿಜವಾದ ತರಬೇತಿ ಶುರು. ತಾತ ಸತ್ತಿದ್ದನ್ನು ಸಾಬೀತು ಮಾಡಬೇಕು. ಇಡೀ ಊರೇ ತಿಥಿ ಊಟ ಉಂಡಿದೆ, ಆದರೆ ಸಾವು ನೋಂದಣಿ ಆಗಿಲ್ಲ. ಒಂದು ವರ್ಷ ದಾಟಿದ ಸಾವನ್ನು ಬರೆಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆಮೇಲೆ ವಂಶವೃಕ್ಷ. ಆಮೇಲೆ ಅಪ್ಪ, ಚಿಕ್ಕಪ್ಪಂದಿರು, ಅತ್ತೆಯರು ಎಲ್ಲರ ಒಪ್ಪಿಗೆ. ಅತ್ತೆಯರ ಪಾಲು ನ್ಯಾಯವಾದದ್ದೇ, ತಕರಾರಿಲ್ಲ. ಚಿಕ್ಕಪ್ಪಂದಿರಿಬ್ಬರು ಬದುವಿನ ಜಗಳದಿಂದ ಮಾತು ಬಿಟ್ಟು ಕೂತಿದ್ದಾರೆ, ಅದೇ ಕಷ್ಟ. ಅವರನ್ನು ಒಟ್ಟಿಗೆ ನಾಡಕಚೇರಿಗೆ ಕರೆತರುವ ಹುಡುಗನಿಗೆ ಕುರಿ ಸಾಲ ಯಾಕೆ, ನೇರ ರಾಯಭಾರಿ ಕೆಲಸ ಕೊಡಬಹುದು.

ಇಷ್ಟೆಲ್ಲ ತಾಪತ್ರಯ ಬೇಡ ಎಂದು ಬದುಕಿರುವ ಅಪ್ಪನೇ ತಮ್ಮ ಹೆಸರಲ್ಲಿರುವ ಎರಡು ಎಕರೆಯನ್ನು ಮಗನಿಗೆ ಬರೆದುಕೊಟ್ಟರು ಅನ್ನಿ. ಆಗ ಪಿಎಂ ಕಿಸಾನ್ ಅಡ್ಡ ಬರುತ್ತದೆ. ವರ್ಷಕ್ಕೆ 6,000 ರೂಪಾಯಿ ಬರುವ ಈ ಯೋಜನೆಗೆ 2019ರ ಫೆಬ್ರವರಿ 1ಕ್ಕೆ ಜಮೀನು ನಿಮ್ಮ ಹೆಸರಲ್ಲಿರಬೇಕು. ಆಮೇಲೆ ಕೊಂಡಿದ್ದು, ದಾನವಾಗಿ ಬಂದಿದ್ದು ಲೆಕ್ಕಕ್ಕಿಲ್ಲ. ಒಡೆಯ ತೀರಿಹೋಗಿ ವಾರಸುದಾರನಿಗೆ ಬಂದರೆ ಮಾತ್ರ ಸರಿ. ಈಗಿನ ಇಪ್ಪತ್ತೆರಡರ ಹುಡುಗ ಆ ಫೆಬ್ರವರಿಯಲ್ಲಿ ಇನ್ನೂ ಶಾಲೆಯಲ್ಲಿದ್ದ. ಅಂದರೆ ಯುವ ರೈತನಾಗಲು ಮನೆಯಲ್ಲೊಂದು ಸಾವು ಆಗಬೇಕು, ಅದು ನೋಂದಣಿಯೂ ಆಗಿರಬೇಕು. ತಾತನದು ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಫೇಲು.

ಪಹಣಿ ಕೇಳದೆ ಅವನನ್ನು ನಂಬುವುದು ಊರಿನ ಹಾಲಿನ ಡೈರಿ ಒಂದೇ. ಕ್ಯಾನ್ ಇಟ್ಟರೆ ಫ್ಯಾಟ್ ನೋಡುತ್ತಾರೆ, ಚೀಟಿ ಕೊಡುತ್ತಾರೆ. ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನವೂ ಉಂಟು. ಅದು ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಪ್ರೋತ್ಸಾಹಕ್ಕೇನು ಅವಸರ. ಹಸು ಮಾತ್ರ ಹಿಂಡಿಯನ್ನು ಆಯಾ ದಿನವೇ ಕೇಳುತ್ತದೆ.

ಇಷ್ಟಾದ ಮೇಲೆ ಮದುವೆ. ಬೇಸಾಯ ಮಾಡುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂದು 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಹರಕೆ ಕೇಳುವಾಗ ಮಾದಪ್ಪ ಪಹಣಿ ಕೇಳಲಿಲ್ಲ. ಹೆಣ್ಣಿನ ಕಡೆಯವರು ಕೇಳುತ್ತಾರೆ.