ಹೊಟ್ಟೆ ತುಂಬಿದ ಮೇಲಿನ ಮರೆವು

ದೇವರನ್ನು ಬಿಟ್ಟು ಹೋದವರು ಅಂದ ಕೂಡಲೇ ನಮಗೆ ನೆನಪಾಗುವುದು ಬೇರೆಯವರು. ಚರ್ಚಿನ ಕಡೆ ತಲೆ ಹಾಕದವರು, ದೇವರೇ ಇಲ್ಲ ಎನ್ನುವವರು. ಬೈಬಲ್ ತೆರೆದು ನೋಡಿದರೆ ಈ ವಿಷಯದ ಖಾರವಾದ ಮಾತುಗಳು ಜಾಸ್ತಿ ಇರುವುದು ಆರಾಧನೆ ತಪ್ಪಿಸದವರಿಗೇ.

ಅದರಲ್ಲಿನ ಧರ್ಮೋಪದೇಶಕಾಂಡ ಎಂಬ ಪುಸ್ತಕದ 8ನೇ ಅಧ್ಯಾಯ ಓದಿ. 40 ವರ್ಷ ಅರಣ್ಯದಲ್ಲಿ ಅಲೆದ ಇಸ್ರಾಯೇಲ್ ಜನ ಇನ್ನೇನು ಒಳ್ಳೆಯ ನಾಡಿಗೆ ಕಾಲಿಡಬೇಕು. ಅವರ ನಾಯಕ ಮೋಶೆಗೆ ಆಗ ಇದ್ದ ಚಿಂತೆ ಅವರ ಸುಖದ ದಿನಗಳದ್ದು. ಚೆನ್ನಾಗಿ ಉಂಡು, ಒಳ್ಳೆ ಮನೆ ಕಟ್ಟಿಕೊಂಡು, ದನಕುರಿ ಬೆಳ್ಳಿಬಂಗಾರ ಹೆಚ್ಚಿದ ಮೇಲೆ 'ಇದೆಲ್ಲ ನನ್ನ ಕೈಯ ಬಲದಿಂದಲೇ ಬಂತು' ಅಂದುಕೊಂಡೀರಿ, ದೇವರನ್ನು ಮರೆತೀರಿ, ಹುಷಾರು ಎನ್ನುತ್ತಾನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಎಷ್ಟು ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ! ರಿಪೋರ್ಟ್ ಸರಿಯಾಗಿ ಬಂದ ತಿಂಗಳಿಗೆ ಆ ಪ್ರಾರ್ಥನೆ ಎಲ್ಲಿ ಹೋಗಿರುತ್ತದೆ?

ನನ್ನನ್ನು ಜಾಸ್ತಿ ಕಾಡುವವನು ಪ್ರವಾದಿ ಆಮೋಸ. ಅವನು ತೋರಿಸುವ ವ್ಯಾಪಾರಿಗಳು ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಅಂಗಡಿ ತೆರೆಯುವವರಲ್ಲ. ನಿಯಮ ಪಾಲಿಸುತ್ತಾರೆ. ಆದರೆ ಮನಸ್ಸೆಲ್ಲ 'ಇದು ಯಾವಾಗ ಮುಗಿಯುತ್ತೋ, ಯಾವಾಗ ಗೋದಿ ಮಾರುತ್ತೇವೋ' ಅಂತ. ಕಾಳು ಅಳೆಯುವ ಅಳತೆ ಚಿಕ್ಕದು, ಬೆಲೆಯಾಗಿ ಪಡೆಯುವ ಬೆಳ್ಳಿ ತೂಗುವ ಕಲ್ಲು ಭಾರ. ಗೋದಿಯ ಜೊತೆ ಕಸವನ್ನೂ ಮಾರುತ್ತಾರೆ. ದೇವರನ್ನು ಬಿಟ್ಟದ್ದು ಅವರ ತಕ್ಕಡಿಯಲ್ಲಿ ಗೊತ್ತಾಗುತ್ತಿತ್ತು. ಇವತ್ತು ನಾವು ಕೊಡುವ ಸಂಬಳ, ಬರೆಯುವ ಬಿಲ್ಲು, ಹಾಕುವ ಸಹಿ ಇದನ್ನೇ ಹೇಳುತ್ತವೆ ಅಲ್ವಾ?

ಪ್ರವಾದಿ ಯೆರೆಮೀಯನ ಕಾಲದಲ್ಲೂ ಇದೇ ಕಥೆ. ಪರದೇಶಿ, ಅನಾಥ, ವಿಧವೆಯರಿಗೆ ಅನ್ಯಾಯ ನಡೆಯುತ್ತಿದ್ದಾಗ ಜನ 'ಯೆಹೋವನ ಆಲಯ, ಯೆಹೋವನ ಆಲಯ' ಅಂತ ಜಪಿಸುತ್ತಾ ಧೈರ್ಯವಾಗಿದ್ದರು. ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮಿನ ಆ ಆಲಯವನ್ನೇ ಸುಟ್ಟಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲೋ ಪ್ರವಾಹ ಬಂದರೆ, ಯಾರಿಗೋ ಕಾಯಿಲೆ ಬಂದರೆ 'ದೇವರನ್ನು ಬಿಟ್ಟದ್ದಕ್ಕೆ ಶಿಕ್ಷೆ' ಅಂತ ಪೋಸ್ಟ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಯೆರೂಸಲೇಮಿನ ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇನು ಅಂತ ಯೇಸು ಕೇಳಿದನು. ಅಲ್ಲ ಅಂತ ತಾನೇ ಹೇಳಿ, ಕೇಳುತ್ತಿದ್ದವರಿಗೆ ನೀವು ದೇವರ ಕಡೆ ತಿರುಗಿಕೊಳ್ಳಿ ಎಂದನು. ಎಚ್ಚರಿಕೆಯನ್ನು ಸತ್ತವರ ಮೇಲೆ ಎಸೆಯಲು ಅವನು ಬಿಡಲಿಲ್ಲ.

ಈ ಮಾತುಗಳ ಹಿಂದೆ ಬರೀ ಕೋಪ ಇಲ್ಲ. 'ನಿಮ್ಮ ಪಿತೃಗಳು ನನ್ನಲ್ಲಿ ಏನು ತಪ್ಪು ಕಂಡರು?' ಅಂತ ದೇವರು ಯೆರೆಮೀಯನ ಬಾಯಲ್ಲಿ ಕೇಳುತ್ತಾನೆ. ಪ್ರವಾದಿ ಹೋಶೇಯನ ಪುಸ್ತಕದಲ್ಲಿ 'ನಿನ್ನನ್ನು ಹೇಗೆ ಕೈಬಿಡಲಿ?' ಎನ್ನುತ್ತಾನೆ. ನೋವುಂಡವರು ಆಡುವ ಮಾತು ಅದು.

ಬೈಬಲಿನಲ್ಲಿರುವ ಇಬ್ರಿಯರಿಗೆ ಬರೆದ ಪತ್ರ ದಿನಾಲೂ ಒಬ್ಬರನ್ನೊಬ್ಬರು ಎಚ್ಚರಿಸಿ ಎನ್ನುತ್ತದೆ, ಯಾರ ಹೃದಯವೂ ಕಲ್ಲಾಗದ ಹಾಗೆ. ಗ್ರೂಪಿಗೆ ಬೆಳಿಗ್ಗೆ ವಾಕ್ಯ ಕಳಿಸಿದರೆ ಈ ಕೆಲಸ ಮುಗಿಯುವುದಿಲ್ಲ. ನಿಮ್ಮ ಜೊತೆ ಪ್ರಾರ್ಥನೆಗೆ ಕೂರುತ್ತಿದ್ದ ಯಾರಾದರೂ ಈಗೀಗ ಸುಮ್ನಾಗಿದ್ದರೆ ಇವತ್ತೇ ಫೋನ್ ಮಾಡಿ. ಉಪದೇಶ ಬೇಡ, ಹೇಗಿದ್ದೀರಿ ಅಂತ ಕೇಳಿ. ನನ್ನನ್ನೂ ಕೇಳಿ.