ಒಂದೇ ದಾಳಿ, ರಾಜ್ಯಕ್ಕೊಂದು ಪರಿಹಾರ

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಗುಂಡಿಟ್ಟು ಕೊಂದರು. ಇಲ್ಲಿ ನ್ಯೂಜೆರ್ಸಿಯಲ್ಲಿ ಕೂತು ವಾರವಿಡೀ ಊರಿನ ಸುದ್ದಿಯನ್ನೇ ನೋಡುತ್ತಿದ್ದೆ. ಜಮ್ಮು-ಕಾಶ್ಮೀರ ಸರ್ಕಾರ ಸತ್ತವರ ಮನೆಯವರಿಗೆ 10 ಲಕ್ಷ ಅಂದಿತು. ಕರ್ನಾಟಕವೂ ತನ್ನವರಿಗೆ 10 ಲಕ್ಷ ಅಂದಿತು. ಮಹಾರಾಷ್ಟ್ರ ತನ್ನ ಆರು ಕುಟುಂಬಗಳಿಗೆ ತಲಾ 50 ಲಕ್ಷ ಘೋಷಿಸಿತು. ಮಹಾರಾಷ್ಟ್ರ ಕೊಟ್ಟಿದ್ದು ಜಾಸ್ತಿಯಾಯ್ತು ಅಂತ ನಾನು ಹೇಳುತ್ತಿಲ್ಲ, ಮನೆಯ ದುಡಿಯುವ ಜೀವ ಹೋದವರಿಗೆ 50 ಲಕ್ಷವೂ ದೊಡ್ಡದಲ್ಲ. ಆದರೆ ಅದೇ ಹುಲ್ಲುಗಾವಲು, ಅದೇ ಮಧ್ಯಾಹ್ನ, ಅದೇ ಬಂದೂಕು. ಶಿವಮೊಗ್ಗದ ಮನೆಗೂ ಡೊಂಬಿವಲಿಯ ಮನೆಗೂ ಬೇರೆ ಬೇರೆ ಲೆಕ್ಕ ಯಾಕೆ? ಸತ್ತವರಲ್ಲಿ ಕುದುರೆ ಸವಾರಿ ಮಾಡಿಸುತ್ತಿದ್ದ ಅಲ್ಲಿಯವನೇ ಒಬ್ಬನಿದ್ದ, ನೇಪಾಳದವನೂ ಒಬ್ಬನಿದ್ದ. ಅವರ ಲೆಕ್ಕ ಯಾರದ್ದು?

ಉಗ್ರರ ದಾಳಿಯಂಥ ಹಿಂಸೆಯಲ್ಲಿ ಸತ್ತವರ ಮನೆಯವರಿಗೆ ಅಂತ ಕೇಂದ್ರದ್ದೊಂದು ಯೋಜನೆ ಇದೆ, 2008ರಿಂದ. ಮೊದಲು 3 ಲಕ್ಷ ಇತ್ತು, 2016ರಲ್ಲಿ 5 ಲಕ್ಷ ಆಯಿತು. ದುಡ್ಡನ್ನು ಮೂರು ವರ್ಷ ಠೇವಣಿ ಇಟ್ಟು, ಬಡ್ಡಿಯನ್ನು ಮನೆಯವರ ಖಾತೆಗೆ ಹಾಕುತ್ತಾರೆ. ಇಡೀ ದೇಶಕ್ಕೆ ಒಂದೇ ಮೊತ್ತ ಅನ್ನೋದು ಇದರಲ್ಲಿ ನನಗೆ ಹಿಡಿಸಿದ್ದು. ಆದರೆ ಮೊತ್ತ ತೀರಾ ಸಣ್ಣದು. ಹಾಗಾಗಿ ರಾಜ್ಯಗಳು ಸೇರಿಸಿದ್ದೇ ದೊಡ್ಡದಾಗುತ್ತದೆ.

ಇಲ್ಲಿ ಅಮೆರಿಕದಲ್ಲಿ ಬೇರೆ ದಾರಿ ಹಿಡಿದರು. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ಎರಡು ವಾರದೊಳಗೆ ಸಂಸತ್ತು ಪರಿಹಾರ ನಿಧಿಗೆ ಕಾನೂನು ಮಾಡಿತು. ಹಂಚುವ ಹೊಣೆ ಕೆನೆತ್ ಫೈನ್‌ಬರ್ಗ್ ಎಂಬ ವಕೀಲರದ್ದು. ಸತ್ತವನು ಬದುಕಿದ್ದರೆ ಎಷ್ಟು ದುಡಿಯುತ್ತಿದ್ದ ಅನ್ನೋದರ ಮೇಲೆ ಲೆಕ್ಕ ಹಾಕಬೇಕು ಅಂತ ಕಾನೂನೇ ಹೇಳಿತ್ತು. ನೋವಿಗೆ ಅಂತ ಎಲ್ಲರಿಗೂ ಎರಡೂವರೆ ಲಕ್ಷ ಡಾಲರ್, ಹೆಂಡತಿ ಅಥವಾ ಗಂಡನಿಗೆ, ಪ್ರತಿ ಮಗುವಿಗೆ ಇನ್ನೊಂದು ಲಕ್ಷ. ಉಳಿದದ್ದೆಲ್ಲ ಸಂಬಳದ ಮೇಲೆ. ಹೀಗಾಗಿ ಕೆಲವರಿಗೆ ಎರಡೂವರೆ ಲಕ್ಷ ಸಿಕ್ಕರೆ ಕೆಲವರಿಗೆ 70 ಲಕ್ಷ ಡಾಲರ್ ದಾಟಿತು. ಜೀವವಿಮೆ ಇದ್ದರೆ ಅದನ್ನೂ ಕಳೆದರು, ಮನೆಯವರಿಗಾಗಿ ಕಂತು ಕಟ್ಟಿಟ್ಟವನ ಹೆಂಡತಿಗೆ ಕಡಿಮೆ ಬಂತು. ಹೀಗೆ ಹಂಚಿ ಮುಗಿಸಿದ ಮೇಲೆ ಫೈನ್‌ಬರ್ಗ್ ಅವರೇ, ಇನ್ನೊಮ್ಮೆ ಮಾಡುವುದಾದರೆ ಎಲ್ಲರಿಗೂ ಸಮಾನವಾಗಿ ಕೊಡಬೇಕು ಅಂದರು.

ಜೆರ್ಸಿ ಸಿಟಿಯ ನದಿ ದಡದಲ್ಲಿ ಆ ದಾಳಿಯಲ್ಲಿ ಸತ್ತವರ ನೆನಪಿಗೆ ಒಂದು ಸ್ಮಾರಕ ಇದೆ. ಎದುರುಬದುರು ಎರಡು ಉಕ್ಕಿನ ಗೋಡೆ, ನಡುವೆ ನಡೆದು ಹೋಗಬೇಕು. ಹೆಸರುಗಳನ್ನೆಲ್ಲ ಒಂದೇ ಗಾತ್ರದ ಅಕ್ಷರದಲ್ಲಿ ಕೊರೆದಿದ್ದಾರೆ. ಬೆರಳಾಡಿಸಿದರೆ ತಣ್ಣಗೆ ಕೈಗೆ ಸಿಗುತ್ತವೆ. ನನ್ನ ಮಗಳು ಅಲ್ಲಿ ಭಾರತದ ಹೆಸರುಗಳನ್ನು ಹುಡುಕಿ ಹುಡುಕಿ ಓದಿದ್ದಳು.

ಆದರೆ ಅಮೆರಿಕದವರ ಒಂದು ಗುಣ ನಮಗೂ ಬೇಕು. ಕೂತು ಕೇಳಿದರು. ಬೇಕೆಂದ ಮನೆಯವರ ಮಾತನ್ನು ವಿಚಾರಣೆಯಲ್ಲಿ ಕೇಳಿದರು, ಅದರಲ್ಲಿ ನೂರಾರು ಮನೆಯವರನ್ನು ಫೈನ್‌ಬರ್ಗ್ ಅವರೇ ಭೇಟಿಯಾದರು. ಪರವಾನಗಿ ಇಲ್ಲದೆ ಕೆಲಸ ಮಾಡುತ್ತಿದ್ದವರ ಮನೆಗೂ ಪರಿಹಾರ ಹೋಯಿತು. ಮತ್ತೆ, ಗಾಯ ಅನ್ನೋದು ಅವತ್ತೇ ಮುಗಿಯಲ್ಲ ಅಂತ ತಡವಾಗಿಯಾದರೂ ಒಪ್ಪಿದರು. ನನ್ನ ಹಳೆಯ ಸಹೋದ್ಯೋಗಿ ಒಬ್ಬ ಅವತ್ತು ಕುಸಿದ ಅವಳಿ ಗೋಪುರಗಳ ದೂಳಿನಲ್ಲೇ ತಿಂಗಳುಗಟ್ಟಲೆ ಆಫೀಸಿಗೆ ಹೋಗಿದ್ದ. ವರ್ಷಗಳಾದ ಮೇಲೆ ಉಸಿರಾಟದ ಕಾಯಿಲೆ ಶುರುವಾಯಿತು. ನಿಧಿಗೆ ಅರ್ಜಿ ಹಾಕಲು, ನ್ಯೂಯಾರ್ಕ್‌ನ ಕೆನಾಲ್ ಸ್ಟ್ರೀಟ್ ಎಂಬ ರಸ್ತೆಯಿಂದ ದಕ್ಷಿಣಕ್ಕೆ, ಅಂದರೆ ಗೋಪುರಗಳಿದ್ದ ಕಡೆ, ಅವನು ಆಗ ಇದ್ದ ಅನ್ನೋದಕ್ಕೆ ಪುರಾವೆ ಬೇಕಿತ್ತು. ಹಳೆಯ ಸಂಬಳದ ಚೀಟಿಗಳನ್ನು ಅಡುಗೆಮನೆ ಟೇಬಲ್ ತುಂಬಾ ಹರಡಿಕೊಂಡು ಕೂತಿದ್ದ, ಒಂದು ಕೈಯಲ್ಲಿ ಇನ್ಹೇಲರ್. ನಾನು ಸಾಕ್ಷಿ ಅಂತ ಬರೆದು ಸಹಿ ಹಾಕಿಕೊಟ್ಟೆ. 2019ರ ಕಾನೂನಿನ ಪ್ರಕಾರ ಆ ನಿಧಿಗೆ 2090ರವರೆಗೂ ಅರ್ಜಿ ಹಾಕಬಹುದು.

ನಮ್ಮಲ್ಲೂ ಸಾವಿಗೆ ಇಡೀ ದೇಶಕ್ಕೆ ಒಂದೇ ಮೊತ್ತ ಇರಲಿ, ಅದು ಬದುಕಿಗೆ ಸಾಲುವಷ್ಟಿರಲಿ, ಕೇಂದ್ರವೇ ಕೊಡಲಿ. ಯಾವ ಮುಖ್ಯಮಂತ್ರಿ ಎಷ್ಟು ಘೋಷಿಸುತ್ತಾರೆ ಅಂತ ಟಿವಿ ಮುಂದೆ ಕಾಯುವ ಸ್ಥಿತಿ ಯಾರಿಗೂ ಬೇಡ. ಮಕ್ಕಳ ಓದು, ವಯಸ್ಸಾದ ಅಪ್ಪ ಅಮ್ಮ, ಹೆಂಡತಿಯ ಪಾಲು ಇವನ್ನು ಮನೆಮನೆಗೆ ಹೋಗಿ ಕೇಳಿ ಬೇರೆಯಾಗಿ ನೋಡಲಿ. ಬೈಸರನ್‌ನಲ್ಲಿ ಅಪ್ಪನ ಪಕ್ಕದಲ್ಲೇ ನಿಂತು ನೋಡಿದ ಮಕ್ಕಳಿದ್ದಾರಲ್ಲ, ಅವರ ಮೈಮೇಲೆ ಗಾಯ ಇಲ್ಲ. ಹತ್ತು ವರ್ಷ ಆದಮೇಲೆ ಅವರಿಗೆ ರಾತ್ರಿ ನಿದ್ದೆ ಬರದಿದ್ದರೆ, ಅರ್ಜಿ ತಗೊಳ್ಳೋಕೆ ಒಂದು ಕಿಟಕಿ ಆಗಲೂ ತೆರೆದಿರಬೇಕು.